ಮಗುವಿಗೆ ಆಟಿಸಂ ಎಂದು ಗೊತ್ತಾದ ಮೇಲೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ್ ಎದುರು ಕೂತಾಗ ಕೇಳಬೇಕೆಂದುಕೊಂಡ ಪ್ರಶ್ನೆಗಳೆಲ್ಲ ಮರೆತುಹೋಗುತ್ತವೆ. 'ಆಟಿಸಂ' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವರು ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಗಿರುವುದಿಲ್ಲ. ಪ್ರಶ್ನೆಗಳು ಹುಟ್ಟುವುದು ರಾತ್ರಿ ಮಗು ಮಲಗಿದ ಮೇಲೆ. ಅಂಥವನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ. ಯಾವ ಥೆರಪಿ, ಎಷ್ಟು ಗಂಟೆ ಎಂಬುದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮನೆಯವರಿಗೆ, ಅದಕ್ಕಿಂತ ಮುಖ್ಯವಾಗಿ ಮಗುವಿಗೇ, ಇದನ್ನು ಹೇಗೆ ಅರ್ಥ ಮಾಡಿಸುವುದು ಎಂದು ಹೇಳುವವರು ಕಡಿಮೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅದಕ್ಕೇ.

ರಿಪೋರ್ಟಿನಲ್ಲಿ 'ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್' ಎಂದು ಬರೆದಿದ್ದಾರೆ. ಸರಳವಾಗಿ ಹೇಳಿದರೆ ಏನಿದು?

ನಿಮ್ಮ ಮಗುವಿನ ಮಿದುಳು ಹುಟ್ಟುವ ಮೊದಲಿನಿಂದಲೇ ತುಸು ಬೇರೆ ರೀತಿಯಲ್ಲಿ ಬೆಳೆದಿದೆ ಎಂದು ಅರ್ಥ. ಇದು ಅಂಟುವ ಕಾಯಿಲೆಯಲ್ಲ, ಮನೋರೋಗವಲ್ಲ. ಬುದ್ಧಿ ಬೆಳವಣಿಗೆ ಕಡಿಮೆ ಎಂಬುದಕ್ಕೆ ಇಟ್ಟ ಇನ್ನೊಂದು ಹೆಸರೂ ಅಲ್ಲ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ ಜೊತೆಗಿರುತ್ತದೆ, ಹಲವರಲ್ಲಿ ಇರುವುದಿಲ್ಲ.

ಡಾಕ್ಟರ್ ಮುಖ್ಯವಾಗಿ ಎರಡು ವಿಷಯ ನೋಡಿರುತ್ತಾರೆ. ಮೊದಲನೆಯದು, ಇತರರೊಡನೆ ಬೆರೆಯುವ ರೀತಿ: ಮಾತಿಗೆ ಮಾತು ಸೇರಿಸುವುದು, ಬೆರಳು ಮಾಡಿ ತೋರಿಸುವುದು, ಮುಖ ನೋಡಿ ಮನಸ್ಸು ಅರಿಯುವುದು, ಜೊತೆಗೂಡಿ ಆಡುವುದು. ಎರಡನೆಯದರಲ್ಲಿ ಒಂದೇ ಕ್ರಮಕ್ಕೆ ಅಂಟಿಕೊಳ್ಳುವುದು, ಕೈ ಅಲ್ಲಾಡಿಸುವುದು ಅಥವಾ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಕೆಲವೇ ವಿಷಯಗಳಲ್ಲಿ ಆಳವಾದ ಆಸಕ್ತಿ, ಶಬ್ದ-ಬೆಳಕು-ಸ್ಪರ್ಶಗಳು ಅತಿಯಾಗಿ ಅಥವಾ ತೀರಾ ಕಡಿಮೆ ತಾಕುವುದು ಬರುತ್ತವೆ. ಎರಡೂ ಇರಬೇಕು, ಚಿಕ್ಕಂದಿನಿಂದ ಇರಬೇಕು, ದಿನದ ಬದುಕಿಗೆ ತೊಡಕಾಗಿರಬೇಕು. ಆಗಷ್ಟೇ ಈ ಹೆಸರು ಕೊಡುತ್ತಾರೆ.

ಹಳೆಯ ರಿಪೋರ್ಟುಗಳಲ್ಲಿ 'ಆಸ್ಪರ್ಜರ್ಸ್' ಅಥವಾ 'ಪಿಡಿಡಿ' ಎಂದು ಬರೆದಿದ್ದರೆ ಗಾಬರಿ ಬೇಡ, ಇವು ಆಟಿಸಂನ ಬಗೆಗಳಿಗೆ ಆಗ ಇದ್ದ ಬೇರೆ ಹೆಸರುಗಳು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇವೆಲ್ಲವನ್ನೂ ಒಂದೇ ಹೆಸರಿನಡಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂದಾಗ ಅದೂ ಹಾಗೇ ಮಾಡಿತು. ನೀವು ಒಂಟಿಯಲ್ಲ ಎಂಬುದಕ್ಕೆ ಒಂದು ಲೆಕ್ಕ: ಅದೇ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು.

ರಕ್ತ ತೆಗೆದಿಲ್ಲ, ಸ್ಕ್ಯಾನ್ ಮಾಡಿಲ್ಲ. ಆಟ ಆಡಿಸಿ, ನಮ್ಮನ್ನು ನೂರೆಂಟು ಪ್ರಶ್ನೆ ಕೇಳಿ ಹೇಳಿಬಿಟ್ಟರಲ್ಲ?

ಆಟಿಸಂ ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವಿನ ನಡವಳಿಕೆಯನ್ನು ಹತ್ತಿರದಿಂದ ಗಮನಿಸುವುದು, ಬೆಳವಣಿಗೆಯ ಕಥೆಯನ್ನು ಮನೆಯವರಿಂದ ಕೇಳಿ ತಿಳಿಯುವುದೇ ಪರೀಕ್ಷೆ. ಆ ಆಟ ಬರೀ ಆಟವಾಗಿರಲಿಲ್ಲ. ಗುಳ್ಳೆ ಊದಿ ನಿಲ್ಲಿಸಿದಾಗ 'ಇನ್ನೂ ಬೇಕು' ಎಂದು ಮಗು ಹೇಗೆ ತಿಳಿಸುತ್ತದೆ, ಹೆಸರು ಕರೆದರೆ ತಿರುಗುತ್ತದೆಯೇ, ಸಿಕ್ಕಿದ್ದನ್ನು ತಂದು ತೋರಿಸುತ್ತದೆಯೇ ಎಂಬುದನ್ನೆಲ್ಲ ಅವರು ಬರೆದುಕೊಂಡಿರುತ್ತಾರೆ. ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಕೇಳಿಸದ ಮಗುವೂ ಹೆಸರಿಗೆ ತಿರುಗುವುದಿಲ್ಲ. ಕೆಲವು ಮಕ್ಕಳಿಗೆ ಜೀನ್ ಪರೀಕ್ಷೆ ಹೇಳುತ್ತಾರೆ. ಆಟಿಸಂ ಹೌದೋ ಅಲ್ಲವೋ ಎಂದು ನೋಡಲಿಕ್ಕಲ್ಲ, ಅದರ ಜೊತೆ ಬರಬಹುದಾದ ಬೇರೆ ಸ್ಥಿತಿಗಳನ್ನು ಹುಡುಕಲಿಕ್ಕೆ.

ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಆದರೆ 'ಏನೂ ಇಲ್ಲ' ಎನ್ನುವವರು ಸಿಗುವ ತನಕ ಅಲೆಯುತ್ತಾ, ಅಷ್ಟೂ ದಿನ ಮಗುವಿಗೆ ಬೇಕಾದ ಸಹಾಯ ನಿಲ್ಲಿಸಬೇಡಿ.

'ಲೆವೆಲ್ 2' ಎಂದರೆ ಎಷ್ಟು ತೀವ್ರ?

1, 2, 3 ಎಂಬ ಮಟ್ಟಗಳು ಹೇಳುವುದು ಸದ್ಯಕ್ಕೆ ಎಷ್ಟು ಆಸರೆ ಬೇಕು ಎಂಬುದನ್ನು. ಮಗುವಿನ ಬುದ್ಧಿಯನ್ನೂ ಅಲ್ಲ, ಭವಿಷ್ಯವನ್ನೂ ಅಲ್ಲ. ನಿದ್ದೆಗೆಟ್ಟ ವಾರದಲ್ಲಿ ಹೆಚ್ಚು ಆಸರೆ ಬೇಕಾಗಬಹುದು, ಅರ್ಥ ಮಾಡಿಕೊಳ್ಳುವ ಟೀಚರ್ ಸಿಕ್ಕ ವರ್ಷ ಕಡಿಮೆ ಸಾಕಾಗಬಹುದು. ಮಗುವನ್ನು ಈ ಸಂಖ್ಯೆಯಿಂದ ಪರಿಚಯಿಸುವ ಅಭ್ಯಾಸ ಬೇಡ.

ನಮ್ಮಿಂದ ಏನಾದರೂ ತಪ್ಪಾಯಿತೆ?

ಇಲ್ಲ. ಈ ಪ್ರಶ್ನೆ ಕೇಳದ ತಾಯಿಯನ್ನು ನಾನು ಕಂಡಿಲ್ಲ. ಅದಕ್ಕೆ ಒಂದು ಹಿನ್ನೆಲೆ ಇದೆ, ಅದನ್ನು ತಿಳಿದರೆ ಮನಸ್ಸು ಸ್ವಲ್ಪ ಹಗುರಾದೀತು.

ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ವೈದ್ಯಲೋಕದ ಗಮನಕ್ಕೆ ಬಂತು. ಅದಕ್ಕೂ ಮುಂಚೆ, 1925ರಲ್ಲೇ, ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ ಇಂಥ ಮಕ್ಕಳನ್ನು ವಿವರಿಸಿದ್ದರು. ಅದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಕ್ಯಾನರ್ ಆ ಮಕ್ಕಳ ಅಪ್ಪ ಅಮ್ಮಂದಿರು ಭಾವನೆ ತೋರದವರು ಎಂದೂ ಬರೆದರು. ಬ್ರೂನೋ ಬೆಟೆಲ್‌ಹೈಮ್ ಎಂಬವರು ಅದನ್ನೇ ಹಿಡಿದು, ತಾಯಿ ಪ್ರೀತಿ ಕೊಡದ್ದರಿಂದಲೇ ಮಗು ಹೀಗಾಯಿತು ಎಂದು ಊರೆಲ್ಲ ಸಾರಿದರು. ಎರಡು ದಶಕಗಳ ಕಾಲ ತಾಯಂದಿರು ಆ ಆರೋಪ ಹೊತ್ತು ಬದುಕಿದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಮಗನ ತಂದೆ, ಇದು ಮಿದುಳಿಗೆ ಸಂಬಂಧಿಸಿದ್ದು, ಸಾಕಣೆಗಲ್ಲ ಎಂದು ವಾದಿಸಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಅವಳಿ ಮಕ್ಕಳನ್ನು ಅಧ್ಯಯನ ಮಾಡಿ ವಂಶವಾಹಿಗಳ (ಜೀನುಗಳ) ಪಾತ್ರವನ್ನು ತೋರಿಸಿದರು. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ಮಾಹಿತಿ ಆಧರಿಸಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, ಒಬ್ಬರಲ್ಲಿ ಆಟಿಸಂ ಇದ್ದು ಇನ್ನೊಬ್ಬರಲ್ಲಿ ಇಲ್ಲದಿರುವ ವ್ಯತ್ಯಾಸದಲ್ಲಿ ಶೇ. 80ರಷ್ಟಕ್ಕೆ ವಂಶವಾಹಿಗಳೇ ಕಾರಣ.

'ಹಾಗಾದರೆ ಯಾರ ಕಡೆಯಿಂದ ಬಂತು?' ಎಂಬ ಜಗಳಕ್ಕೆ ಇದನ್ನು ಬಳಸಬೇಡಿ. ಇದರಲ್ಲಿ ನೂರಾರು ಜೀನುಗಳ ಪಾತ್ರವಿದೆ. ಕೆಲವು ಬದಲಾವಣೆಗಳು ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಆಗಿರುತ್ತವೆ. ಬಸುರಿಯಾಗಿದ್ದಾಗ ಅತ್ತದ್ದು, ಕೆಲಸಕ್ಕೆ ಹೋದದ್ದು, ಮಗುವಿನ ಕೈಗೆ ಮೊಬೈಲ್ ಕೊಟ್ಟದ್ದು ಇದಕ್ಕೆ ಕಾರಣವಲ್ಲ.

ಲಸಿಕೆ ಹಾಕಿಸಿದ ಮೇಲೇ ಮಾತು ನಿಂತಿತು ಎನ್ನುತ್ತಾರಲ್ಲ?

ಈ ಭಯದ ಮೂಲ ಎಂಎಂಆರ್ ಲಸಿಕೆಯ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವಂಥದ್ದು) ಬಗ್ಗೆ 1998ರಲ್ಲಿ ಬಂದ ಒಂದು ಲೇಖನ. ಅದು ನೋಡಿದ್ದು ಬರೀ 12 ಮಕ್ಕಳನ್ನು. ಅದರಲ್ಲಿ ಅಪ್ರಾಮಾಣಿಕತೆ ಬಯಲಾಗಿ, ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದರ ಮುಖ್ಯ ಲೇಖಕರ ಹೆಸರನ್ನು ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಒಂದರಿಂದ ಎರಡು ವರ್ಷದ ನಡುವೆ ಲಸಿಕೆಗಳೂ ಇರುತ್ತವೆ, ಆಟಿಸಂ ಲಕ್ಷಣಗಳು ಕಣ್ಣಿಗೆ ಬೀಳುವುದೂ ಆಗಲೇ. ಕೆಲವು ಮಕ್ಕಳಲ್ಲಿ ಬಂದ ನಾಲ್ಕು ಮಾತು ಆ ವಯಸ್ಸಿನಲ್ಲೇ ಹಿಂದೆ ಸರಿಯುತ್ತದೆ. ನೀವು ಕಂಡದ್ದು ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ಲಸಿಕೆಯಲ್ಲ.

ವಾಸಿಯಾಗುತ್ತದೆಯೇ?

ಆಟಿಸಂ ಹೋಗಲಾಡಿಸುವ ಔಷಧಿ ಇಲ್ಲ. ಮಗು ಕಲಿಯುತ್ತದೆ, ಬೆಳೆಯುತ್ತದೆ, ನೀವು ಇಂದು ಊಹಿಸದ ಕಡೆ ಮುಂದೆ ಹೋಗುತ್ತದೆ. ಸ್ಪೀಚ್ ಥೆರಪಿ, ದಿನದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿ, ಆಟದ ಮೂಲಕ ಮಗುವಿನ ಜೊತೆ ಬೆರೆಯುವುದನ್ನು ಅಪ್ಪ ಅಮ್ಮಂದಿರಿಗೇ ಕಲಿಸುವ ತರಬೇತಿ ಪ್ರಯೋಜನಕ್ಕೆ ಬರುತ್ತವೆ. ನಿದ್ದೆಯ ತೊಂದರೆ, ಆತಂಕ, ಮಲಬದ್ಧತೆ, ಫಿಟ್ಸ್ ಈ ಮಕ್ಕಳಲ್ಲಿ ಹೆಚ್ಚು. ಅವಕ್ಕೆ ಚಿಕಿತ್ಸೆ ಇದೆ. ಅವು ಸರಿಹೋದಾಗ ಮಗುವಿನ ಇಡೀ ದಿನವೇ ಬದಲಾಗುವುದುಂಟು.

'ಇಷ್ಟು ತಿಂಗಳಲ್ಲಿ ಪೂರ್ತಿ ಗುಣ, ಗ್ಯಾರಂಟಿ' ಎನ್ನುವವರಿಂದ ದೂರ ಇರಿ. ಮೈಯಿಂದ ಲೋಹ ತೆಗೆಯುತ್ತೇವೆ ಎಂದು ಮಾಡಿದ ಕೀಲೇಶನ್ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗು ತೀರಿಕೊಂಡಿತು. ಬ್ಲೀಚಿನಂಥ ದ್ರಾವಣವನ್ನು ಔಷಧಿ ಎಂದು ಮಾರಿದವರೂ ಇದ್ದಾರೆ. ಹತಾಶರಾದ ಅಪ್ಪ ಅಮ್ಮಂದಿರೇ ಇವರ ಗಿರಾಕಿಗಳು ಎಂಬುದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಮಾತು ಬರುತ್ತದೆಯೇ? ಮನೆಯಲ್ಲಿ ಒಂದೇ ಭಾಷೆ ಆಡಬೇಕೆ?

ಯಾವ ಮಗುವಿಗೆ ಎಷ್ಟು ಎಂದು ಮೊದಲೇ ಹೇಳಲಾಗದು. ಆದರೆ ನಾಲ್ಕು ವರ್ಷ ದಾಟಿದರೆ ಬಾಗಿಲು ಮುಚ್ಚಿತು ಎಂಬುದು ಸುಳ್ಳು. ನಾಲ್ಕನೇ ವಯಸ್ಸಿನಲ್ಲಿ ಮಾತು ತೀರಾ ಹಿಂದಿದ್ದ 535 ಮಕ್ಕಳನ್ನು ಕುರಿತ 2013ರ ಅಧ್ಯಯನದಲ್ಲಿ, ಎಂಟು ವರ್ಷ ಅಥವಾ ಆಮೇಲಿನ ಹೊತ್ತಿಗೆ ಶೇ. 70ರಷ್ಟು ಮಕ್ಕಳಿಗೆ ಪದ ಜೋಡಿಸಿ ಹೇಳುವಷ್ಟು ಮಾತು ಬಂದಿತ್ತು. ಸುಮಾರು ಅರ್ಧದಷ್ಟು ಮಕ್ಕಳು ಸರಾಗವಾಗಿ ಮಾತಾಡುತ್ತಿದ್ದರು.

ಚಿತ್ರದ ಕಾರ್ಡು, ಸನ್ನೆ, ಟ್ಯಾಬ್ ಕೊಟ್ಟರೆ ಬಾಯಿಮಾತು ಬರುವುದಿಲ್ಲ ಎಂಬ ಹೆದರಿಕೆಗೂ ಆಧಾರವಿಲ್ಲ. ಹೊಟ್ಟೆನೋವು ಎಂದು ಹೇಳುವ ದಾರಿ ಮಗುವಿಗೆ ಇಂದೇ ಬೇಕು. ಇನ್ನು ಭಾಷೆ: ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಕೆಡುವುದಿಲ್ಲ. ಮನೆಮಾತು ಬಿಟ್ಟರೆ ಅಜ್ಜಿಯ ಜೊತೆಗಿನ ನಂಟೂ ಅದರ ಜೊತೆ ಹೋಗುತ್ತದೆ. ನಿಮಗೆ ಯಾವುದರಲ್ಲಿ ಮುದ್ದು ಮಾಡಲು ಬರುತ್ತದೋ ಅದರಲ್ಲೇ ಮಾತಾಡಿ.

ಮಗುವಿಗೆ ಇದನ್ನು ಹೇಳಲೇಬೇಕೆ? ಸುಮ್ಮನೆ ಮನಸ್ಸು ನೋಯುವುದಿಲ್ಲವೆ?

ಹೇಳಬೇಕು. ಇಲ್ಲಿ ಬರೆದದ್ದರಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನಿಡಿ.

ತಾನು ಬೇರೆಯವರಂತಿಲ್ಲ ಎಂಬುದು ಮಗುವಿಗೆ ಆಗಲೇ ಗೊತ್ತಿರುತ್ತದೆ. ಬೇರೆ ಮಕ್ಕಳು ಆಟಕ್ಕೆ ಸೇರಿಸುವುದಿಲ್ಲ, ಬೆಲ್ ಹೊಡೆದಾಗ ತಾನೊಬ್ಬನೇ ಕಿವಿ ಮುಚ್ಚಿಕೊಳ್ಳುತ್ತೇನೆ, ಎಲ್ಲರೂ ನಗುವ ಜೋಕು ತನಗೆ ಹತ್ತುವುದಿಲ್ಲ, ಸಂಜೆ ಥೆರಪಿಗೆ ತಾನು ಮಾತ್ರ ಹೋಗುತ್ತೇನೆ. ಕಾರಣ ಯಾರೂ ಹೇಳದಿದ್ದಾಗ ಮಗು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ 'ನಾನು ದಡ್ಡ' ಅಥವಾ 'ನಾನು ಕೆಟ್ಟ ಹುಡುಗಿ' ಎಂಬುದೇ. ಆ ವಿವರಣೆಗಿಂತ ಆಟಿಸಂ ಎಂಬ ವಿವರಣೆ ಎಷ್ಟೋ ದಯೆಯುಳ್ಳದ್ದು, ಮತ್ತು ಅದು ನಿಜ.

ಮುಚ್ಚಿಟ್ಟದ್ದು ಮುಚ್ಚಿಯೇ ಇರುವುದಿಲ್ಲ. ಫೋನಿನಲ್ಲಿ ದನಿ ತಗ್ಗಿಸಿ ಮಾತಾಡಿದ್ದು, ಮಗು ಬಂದ ಕೂಡಲೇ ಮಾತು ಬದಲಿಸಿದ್ದು, ಕಪಾಟಿನಲ್ಲಿಟ್ಟ ಫೈಲು ಎಲ್ಲವೂ ಒಂದೇ ಪಾಠ ಕಲಿಸುತ್ತವೆ: ನನ್ನಲ್ಲಿ ನಾಚಿಕೆಪಡುವಂಥದ್ದು ಏನೋ ಇದೆ. ಆಮೇಲೆ ಒಂದು ದಿನ ಶಾಲೆಯಲ್ಲಿ ಯಾರೋ ಬೈಗುಳದಂತೆ ಆ ಪದವನ್ನು ಎಸೆದಾಗ ಮಗು ಅದನ್ನು ಮೊದಲ ಬಾರಿ ಕೇಳುವಂತಾಗಬಾರದು. ಆಟಿಸಂ ಇರುವ 78 ಕಾಲೇಜು ವಿದ್ಯಾರ್ಥಿಗಳ ಸಮೀಕ್ಷೆ ಮಾಡಿ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ತಮಗೆ ಆಟಿಸಂ ಇದೆ ಎಂದು ಚಿಕ್ಕ ವಯಸ್ಸಿನಲ್ಲೇ ತಿಳಿದವರು ದೊಡ್ಡವರಾದ ಮೇಲೆ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದ ಇದ್ದದ್ದು ಅದರಲ್ಲಿ ಕಂಡಿತು. ಸಣ್ಣ ಅಧ್ಯಯನ, ನಿಜ. ಆದರೆ ಈಗ ದೊಡ್ಡವರಾಗಿರುವ ಅನೇಕರು ಹೇಳುವುದೂ ಅದನ್ನೇ: ಮೊದಲೇ ಹೇಳಬಾರದಿತ್ತೆ?

ಯಾವ ವಯಸ್ಸಿಗೆ?

ಇಂಥದೇ ವಯಸ್ಸು ಎಂದಿಲ್ಲ. 'ನಾನು ಮಾತ್ರ ಯಾಕೆ ಹೀಗೆ?' ಎಂದು ಮಗು ಕೇಳಿದರೆ ಸಮಯ ಬಂದಿದೆ. ಕೇಳದೆಯೂ ತನ್ನನ್ನು ಬೇರೆಯವರೊಂದಿಗೆ ಹೋಲಿಸಿಕೊಳ್ಳಲು ಶುರು ಮಾಡಿದ್ದರೆ, ತನ್ನನ್ನೇ ಬೈದುಕೊಳ್ಳುತ್ತಿದ್ದರೆ, ಆಗಲೂ ಬಂದಿದೆ. ಎಷ್ಟೋ ಮಕ್ಕಳಲ್ಲಿ ಇದು ಐದರಿಂದ ಎಂಟು ವರ್ಷದೊಳಗೆ ಆಗುತ್ತದೆ. ಇನ್ನೂ ಪುಟ್ಟ ಮಗುವಾದರೆ ಮನೆಯಲ್ಲಿ ಆ ಪದವನ್ನು ಸಹಜವಾಗಿ ಬಳಸುತ್ತಾ ಹೋಗಿ. ಆಗ 'ಹೇಳುವ ದಿನ' ಎಂಬುದೊಂದು ಬರುವುದೇ ಇಲ್ಲ, ಅದೇ ಎಲ್ಲಕ್ಕಿಂತ ಒಳ್ಳೆಯದು. ಹನ್ನೆರಡಾಯಿತು, ಹದಿನೈದಾಯಿತು, ಇನ್ನೂ ಹೇಳಿಲ್ಲ ಎಂದರೂ ತಡವಾಗಿಲ್ಲ.

ಹೇಳುವುದಾದರೂ ಹೇಗೆ? ಬಾಯಿಯೇ ಬರುವುದಿಲ್ಲ.

ಮೊದಲು ನೀವು ಗಂಡ ಹೆಂಡತಿ ಆ ಪದವನ್ನು ಅಳದೆ ಹೇಳುವಷ್ಟು ಹೇಳಿ ರೂಢಿ ಮಾಡಿಕೊಳ್ಳಿ. ಮಗು ನಿಮ್ಮ ಮಾತಿಗಿಂತ ಮುಂಚೆ ದನಿಯನ್ನು ಕೇಳಿಸಿಕೊಳ್ಳುತ್ತದೆ.

ಬೈದ ದಿನ, ಜಗಳದ ದಿನ, ಪರೀಕ್ಷೆಯ ಹಿಂದಿನ ದಿನ ಬೇಡ. ಎದುರಾಬದುರು ಕೂರಿಸಿ 'ನಿನ್ನ ಹತ್ತಿರ ಒಂದು ಮುಖ್ಯವಾದ ವಿಷಯ ಮಾತಾಡಬೇಕು' ಎಂದರೆ ಮಗು ಅಲ್ಲೇ ಹೆದರುತ್ತದೆ. ಚಿತ್ರ ಬಿಡಿಸುವಾಗ, ನಡೆದು ಹೋಗುವಾಗ, ಪಕ್ಕದಲ್ಲಿ ಮಲಗಿದ್ದಾಗ ಹೇಳಿ. ಕಣ್ಣಲ್ಲಿ ಕಣ್ಣಿಡಬೇಕಾದ ಒತ್ತಡ ಇಲ್ಲದಿದ್ದರೆ ಕೇಳಿಸಿಕೊಳ್ಳುವುದು ಸುಲಭ. ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿ ಮುಗಿಸುವ ಆತುರ ಬೇಡ. ಕೆಲವು ವಾರ ಮೊದಲೇ ಮನೆಯವರೆಲ್ಲರ ಸ್ವಭಾವದ ಬಗ್ಗೆ ಮಾತು ಶುರುವಾಗಲಿ: ಅಪ್ಪನಿಗೆ ದಾರಿ ನೆನಪಿರುವುದಿಲ್ಲ, ಅಕ್ಕನಿಗೆ ಕತ್ತಲೆ ಭಯ, ನಿನಗೆ ಜೋರು ಶಬ್ದ ಆಗುವುದಿಲ್ಲ.

ಐದಾರು ವರ್ಷದ ಮಗುವಿಗೆ ಇಷ್ಟು ಸಾಕು: "ಕಂದ, ಮಿಕ್ಸಿ ಹಾಕಿದರೆ ನಿನಗೆ ಕಿವಿ ನೋವಾಗುತ್ತಲ್ಲ, ನನಗೆ ಆಗಲ್ಲ. ರೈಲಿನ ವಿಷಯ ನಿನಗೆ ಎಷ್ಟೊಂದು ಗೊತ್ತು, ನನಗೆ ಗೊತ್ತಿಲ್ಲ. ಹೊಸಬರ ಜೊತೆ ಮಾತಾಡೋದು ನಿನಗೆ ಕಷ್ಟ. ಹೀಗಿರೋದಕ್ಕೆ ಒಂದು ಹೆಸರಿದೆ, ಆಟಿಸಂ. ತುಂಬಾ ಜನಕ್ಕೆ ಇದೆ. ಕಷ್ಟ ಆಗೋ ಕಡೆ ನಾವು ನಿನ್ನ ಜೊತೆ ಇರ್ತೀವಿ."

ಒಂಬತ್ತು ಹತ್ತು ವರ್ಷದ ಮಗುವಿಗೆ ಇನ್ನಷ್ಟು ಬೇಕಾಗುತ್ತದೆ: "ಆ ದಿನ ಡಾಕ್ಟರ್ ಹತ್ತಿರ ಒಗಟು ಬಿಡಿಸಿ, ಕಥೆ ಹೇಳಿದೆಯಲ್ಲ ಪುಟ್ಟಿ, ಅದು ನೀನು ಹೇಗೆ ಯೋಚನೆ ಮಾಡ್ತೀಯ ಅಂತ ತಿಳ್ಕೊಳ್ಳೋಕೆ. ಅವರು ಹೇಳಿದ್ದು ನಿನಗೆ ಆಟಿಸಂ ಇದೆ ಅಂತ. ಗುಂಪಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದಾಗ ನಿನಗೆ ತಲೆ ಕೆಡೋದು ಅದಕ್ಕೇ. ಅದು ನಿನ್ನ ತಪ್ಪಲ್ಲ. ನೀನು ಬೇಕಂತ ಮಾಡ್ತೀಯ ಅಂತ ನಾವು ಕೆಲವು ಸಲ ಬೈದಿದ್ದೀವಿ, ಅದು ಸರಿಯಲ್ಲ." ನಿಮ್ಮ ಮಗುವಿನ ದಿನದಿಂದಲೇ ಉದಾಹರಣೆ ಆರಿಸಿ. ಪುಸ್ತಕದ ಲಕ್ಷಣಗಳ ಪಟ್ಟಿ ಓದಿದರೆ ಮಗುವಿಗೆ ಅದರಲ್ಲಿ ತಾನು ಕಾಣುವುದಿಲ್ಲ.

ಪದಗಳ ಆಯ್ಕೆಯಲ್ಲಿ ಎಚ್ಚರ ಇರಲಿ. ಈ ಮಕ್ಕಳಲ್ಲಿ ಅನೇಕರು ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ. 'ನಿನ್ನ ತಲೆಯ ವೈರಿಂಗ್ ಬೇರೆ' ಎಂದರೆ ತಲೆಯೊಳಗೆ ನಿಜವಾದ ತಂತಿ ಇದೆ, ಶಾಕ್ ಹೊಡೆಯಬಹುದು ಎಂದುಕೊಂಡಾರು. 'ಕಾಯಿಲೆ' ಎಂದರೆ ಸಾಯುತ್ತೇನೆಯೇ ಎಂಬ ಪ್ರಶ್ನೆ ಬರುತ್ತದೆ. 'ನಿನಗೆ ಸೂಪರ್‌ಪವರ್ ಇದೆ' ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಶೂ ಲೇಸ್ ಕಟ್ಟಲು ಪರದಾಡುವ, ದಿನವೂ ಒಂಟಿಯಾಗಿ ಊಟ ಮಾಡುವ ಮಗುವಿಗೆ ಅದು ಸುಳ್ಳೆಂದು ತಿಳಿಯುತ್ತದೆ, ಆಮೇಲೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ. ಚೆನ್ನಾಗಿ ಬರುವುದನ್ನೂ ಕಷ್ಟವಾದದ್ದನ್ನೂ ಇದ್ದಂತೆ ಹೇಳಿ.

ಹೇಳಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ಚಿತ್ರ ಅಂಟಿಸಿ ಒಂದು ಪುಟ್ಟ ಪುಸ್ತಕ ಮಾಡಿಕೊಡಿ. ಕೇಳಿದ್ದಕ್ಕಿಂತ ನೋಡಿದ್ದು ಹಲವು ಮಕ್ಕಳಿಗೆ ಚೆನ್ನಾಗಿ ಹಿಡಿಯುತ್ತದೆ, ತಮಗೆ ಬೇಕೆನಿಸಿದಾಗ ಮತ್ತೆ ತೆರೆಯಲೂ ಆಗುತ್ತದೆ.

ಹೇಳಿದೆವು. 'ಹೂಂ' ಎಂದು ಆಟಕ್ಕೆ ಹೋದ. ಅರ್ಥವಾಗಲಿಲ್ಲವೆ?

ಅರ್ಥವಾಗಿರಬಹುದು. ಒಳಗೆ ಇಳಿಯಲು ಸಮಯ ಬೇಕು. ಮೂರು ವಾರ ಬಿಟ್ಟು ಸ್ನಾನದ ಮಧ್ಯೆ ಪ್ರಶ್ನೆ ಬರಬಹುದು. 'ಇದು ಹೋಗುತ್ತಾ?' ಎಂದರೆ "ಇಲ್ಲ, ನಿನ್ನ ಜೊತೆ ಯಾವಾಗಲೂ ಇರುತ್ತೆ, ಆದರೆ ಈಗ ಕಷ್ಟ ಅನ್ನಿಸೋದರಲ್ಲಿ ಎಷ್ಟೋ ಸುಲಭ ಆಗ್ತಾ ಹೋಗುತ್ತೆ" ಎನ್ನಿ. 'ತಮ್ಮನಿಗೆ ಅಂಟುತ್ತಾ?' ಎಂದರೆ ಅಂಟುವುದಿಲ್ಲ ಎಂದು ನೇರವಾಗಿ ಹೇಳಿ. 'ನನಗೆ ಬೇಡ ಇದು' ಎಂದು ಅತ್ತರೆ, ತಕ್ಷಣ ಅದರ ಒಳ್ಳೆಯ ಮುಖ ತೋರಿಸಲು ಹೋಗಬೇಡಿ. "ಹೌದು ಕಂದ, ಕೆಲವು ಸಲ ತುಂಬಾ ಕಷ್ಟ ಆಗುತ್ತೆ" ಎಂದು ಜೊತೆಗೆ ಕೂರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ಕೇಳಿಕೊಂಡು ಬಂದು ಹೇಳಿ.

ನಮ್ಮ ಮಗಳಿಗೆ ಮಾತೇ ಇಲ್ಲ. ಅವಳಿಗೆ ಏನು ಹೇಳುವುದು?

ಮಾತು ಬಾರದ್ದು ಬೇರೆ, ಅರ್ಥವಾಗದ್ದು ಬೇರೆ. ಅವಳಿಗೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ತಿಳಿಯುತ್ತದೆ ಎಂದುಕೊಂಡೇ ನಡೆಯಿರಿ. ಹಾಗಲ್ಲದಿದ್ದರೂ ಅದರಿಂದ ಏನೂ ಹಾಳಾಗುವುದಿಲ್ಲ. ಸಣ್ಣ ವಾಕ್ಯ, ಅವಳದೇ ಫೋಟೋ, ಚಿತ್ರ ಬಳಸಿ ಹೇಳಿ: "ಮಾತು ನಿನಗೆ ಕಷ್ಟ. ನಿನ್ನ ಕಾರ್ಡಿನಲ್ಲಿ ತೋರಿಸು. ನಾವು ನೋಡುತ್ತೇವೆ." ಇದಕ್ಕಿಂತಲೂ ತುರ್ತಾದದ್ದು, ಅವಳ ಎದುರೇ ಅವಳ ಬಗ್ಗೆ, ಅವಳು ಇಲ್ಲವೇನೋ ಎಂಬಂತೆ, ಬಂದವರ ಹತ್ತಿರ ಮಾತಾಡುವುದನ್ನು ನಿಲ್ಲಿಸುವುದು.

ಹದಿನಾಲ್ಕು ವರ್ಷದ ಮಗ 'ನನಗೆ ಅದೆಲ್ಲ ಇಲ್ಲ' ಎಂದು ಬಾಗಿಲು ಹಾಕಿಕೊಂಡ.

ಬಿಡಿ. ಒಪ್ಪಿಸಲು ಹೋದಷ್ಟೂ ಬಿಗಿಯಾಗುತ್ತಾನೆ. ಆ ವಯಸ್ಸಿನಲ್ಲಿ ಎಲ್ಲರಂತೆ ಇರಬೇಕು ಎಂಬ ಹಸಿವೇ ದೊಡ್ಡದು. ಬಾಗಿಲು ತೆರೆದಾಗ ಸಿಗುವಂತೆ ಮಾಹಿತಿ ಇರಲಿ, ಅದೂ ಆಟಿಸಂ ಇರುವವರೇ ತಮ್ಮ ಬಗ್ಗೆ ಹೇಳಿಕೊಂಡದ್ದು. ಅಪ್ಪ ಹೇಳಿದ್ದು ನಾಟದೆ ಇಪ್ಪತ್ತೈದರ ಯುವಕನೊಬ್ಬ ಹೇಳಿದ್ದು ನಾಟೀತು. ಆದರೆ ಅವನು ತಿಂಗಳುಗಟ್ಟಲೆ ಮಂಕಾಗಿದ್ದರೆ, ತನಗೆ ನೋವು ಮಾಡಿಕೊಳ್ಳುವ ಮಾತಾಡಿದರೆ ಕಾಯಬೇಡಿ, ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಈ ಮಕ್ಕಳಲ್ಲಿ ಆತಂಕ, ಖಿನ್ನತೆ ಎರಡೂ ಹೆಚ್ಚು.

ಮನೆಯಲ್ಲಿ ಇನ್ನೊಂದು ಮಗು ಇದೆ. ಅವಳಿಗೆ?

ಅವಳಿಗೂ ಅದೇ ನಿಜ, ಅವಳ ವಯಸ್ಸಿಗೆ ತಕ್ಕಂತೆ. ಪುಟ್ಟ ಮಕ್ಕಳು ತಾವು ತಳ್ಳಿದ್ದರಿಂದಲೇ ಅಣ್ಣ ಹೀಗಾದ ಎಂದುಕೊಂಡಿರುವುದುಂಟು. ಹಾಗಲ್ಲ ಎಂದು ಬಾಯಿಬಿಟ್ಟು ಹೇಳಿ. ಸಿಟ್ಟು, ಹೊಟ್ಟೆಕಿಚ್ಚು, ಸ್ನೇಹಿತರ ಎದುರು ಮುಜುಗರ ಬರುವುದು ಸಹಜ. 'ಅವನು ಪಾಪ, ನೀನು ಹೊಂದಿಕೊ' ಎಂಬ ಮಾತು ಅವಳ ಕಿವಿಗೆ ದಿನವೂ ಬೀಳುತ್ತಿದ್ದರೆ ಪ್ರೀತಿಯೇ ಒಣಗುತ್ತದೆ. ವಾರದಲ್ಲಿ ಒಂದಿಷ್ಟು ಹೊತ್ತು ಅವಳಿಗೇ ಮೀಸಲಿರಲಿ. ನಾವಿಲ್ಲದ ಮೇಲೆ ನೀನೇ ನೋಡಿಕೊಳ್ಳಬೇಕು ಎಂಬ ಹೊರೆಯನ್ನು ಎಂಟು ವರ್ಷದ ಹೆಗಲಿಗೆ ಹೊರಿಸಬೇಡಿ.

ಮುಂದೆ ಇನ್ನೊಂದು ಮಗು ಹುಟ್ಟಿದರೆ ಅದಕ್ಕೂ ಆಟಿಸಂ ಇರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಹೆದರಬೇಕಿಲ್ಲ, ಬೆಳವಣಿಗೆಯ ಮೇಲೆ ಮೊದಲಿನಿಂದ ಕಣ್ಣಿರಲಿ.

'ಇವನ ಅಪ್ಪನೂ ಐದು ವರ್ಷದ ತನಕ ಮಾತಾಡಿರಲಿಲ್ಲ, ಸುಮ್ಮನಿರಿ' ಎನ್ನುತ್ತಾರೆ ಅತ್ತೆ.

ಅವರಿಗೆ ಮೊಮ್ಮಗನ ಮೇಲೆ ಪ್ರೀತಿ, ಆ ಹೆಸರಿನ ಮೇಲೆ ಭಯ. ವಾದಕ್ಕಿಳಿದು ಗೆಲ್ಲಲಾಗದು. 'ಆಟಿಸಂ' ಒಪ್ಪಿಕೊಳ್ಳಿ ಎಂದು ಪಟ್ಟು ಹಿಡಿಯುವ ಬದಲು ಒಂದು ಕೆಲಸ ಕೊಡಿ: "ಅತ್ತೆ, ಅವನಿಗೆ ಒಟ್ಟಿಗೆ ನಾಲ್ಕು ಮಾತು ಹೇಳಿದರೆ ಗೊಂದಲ ಆಗುತ್ತೆ. ಒಂದೊಂದೇ ಹೇಳಿ, ಹೇಳಿದ ಮೇಲೆ ಸ್ವಲ್ಪ ಕಾಯಿರಿ." ಅವನು ತಿರುಗಿ ನೋಡಿದ ದಿನ ಅವರೇ ನಂಬುತ್ತಾರೆ. ಸಾಧ್ಯವಾದರೆ ಒಂದು ಥೆರಪಿಗೆ ಜೊತೆಗೆ ಕರೆದುಕೊಂಡು ಹೋಗಿ. ಸೊಸೆಯ ಮಾತಿಗಿಂತ ಡಾಕ್ಟರ್ ಮಾತಿಗೆ ತೂಕ ಹೆಚ್ಚು ಎಂಬುದು ಬೇಸರದ ವಿಷಯವೇ, ಆದರೂ ಅದನ್ನು ಬಳಸಿಕೊಳ್ಳಿ.

ಗಂಡ ಅಥವಾ ಹೆಂಡತಿಯೇ ಒಪ್ಪದಿದ್ದರೂ ದಾರಿ ಇದೇ. ಹೆಸರಿನ ಬಗ್ಗೆ ಒಮ್ಮತ ಬರುವ ತನಕ ಕಾಯದೆ, ಮಗುವಿಗೆ ಏನು ಕಷ್ಟವಾಗುತ್ತಿದೆ ಎಂಬುದರ ಬಗ್ಗೆ ಮೊದಲು ಒಮ್ಮತಕ್ಕೆ ಬನ್ನಿ.

ಜನರ ಎದುರು ಹಠ ಮಾಡಿದಾಗ ಏನೆಂದು ಹೇಳುವುದು?

ಹಠ ಮಾಡುವ ಮಗು ನೀವು ನೋಡುತ್ತಿದ್ದೀರಾ ಎಂದು ಗಮನಿಸುತ್ತದೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಶಬ್ದ, ಬೆಳಕು, ಗಲಾಟೆ ಮಿತಿಮೀರಿ ಮಗು ಕುಸಿದಾಗ ಏನು ಕೊಟ್ಟರೂ ನಿಲ್ಲುವುದಿಲ್ಲ, ಏಕೆಂದರೆ ನಿಲ್ಲಿಸುವುದು ಆ ಕ್ಷಣ ಅದರ ಕೈಯಲ್ಲಿಲ್ಲ. ಆಗ ಬುದ್ಧಿ ಹೇಳಬೇಡಿ, ಪ್ರಶ್ನೆ ಕೇಳಬೇಡಿ. ಶಾಂತವಾದ ಜಾಗಕ್ಕೆ ಕರೆದೊಯ್ದು, ಮಾತು ಕಡಿಮೆ ಮಾಡಿ, ಪೆಟ್ಟಾಗದಂತೆ ನೋಡಿಕೊಳ್ಳಿ. ನೋಡುತ್ತ ನಿಂತವರಿಗೆ "ಇವನಿಗೆ ಗಲಾಟೆ ಆಗಲ್ಲ, ಸ್ವಲ್ಪ ಜಾಗ ಬಿಡಿ" ಎಂದರೆ ಸಾಕು. ಅವರಿಗೆ ರಿಪೋರ್ಟ್ ಒಪ್ಪಿಸುವ ಸಾಲ ನಿಮಗಿಲ್ಲ.

ಶಾಲೆಗೆ, ನೆರೆಹೊರೆಗೆ ಯಾರ್ಯಾರಿಗೆ ಹೇಳಬೇಕು?

ಯಾರಿಗೆ ಗೊತ್ತಿದ್ದರೆ ಮಗುವಿಗೆ ಉಪಯೋಗವೋ ಅವರಿಗೆ. ಟೀಚರಿಗೆ ದಪ್ಪ ಫೈಲಿಗಿಂತ ಒಂದು ಹಾಳೆ ಸಾಕು: ಏನು ಇಷ್ಟ, ಏನು ಕಂಡರೆ ಭಯ, ಕುಸಿಯುವ ಮುನ್ಸೂಚನೆ ಏನು, ಆಗ ಏನು ಮಾಡಿದರೆ ಸಮಾಧಾನ. ಸಹಪಾಠಿಗಳಿಗೆ ಹೇಳುವ ಮುಂಚೆ ಮಗುವನ್ನು ಕೇಳಿ. ಅದು ಅವನ ವಿಷಯ. ಬೇಡ ಎಂದರೆ ಬೇಡ. ಹೂಂ ಎಂದರೆ ಯಾವ ಪದ ಬಳಸಬೇಕೆಂದು ಅವನನ್ನೇ ಕೇಳಿ. ಹೇಳುವಾಗ 'ಇವನಿಗೆ ನಮ್ಮ ಹಾಗೆ ಅರ್ಥ ಆಗಲ್ಲ' ಎಂಬ ಒಂದೇ ಬದಿಯ ಕಥೆ ಬೇಡ. ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದಂತೆ, ಅರ್ಥವಾಗದಿರುವುದು ಎರಡೂ ಕಡೆಯಿಂದ. ಅವನಿಗೆ ಅವರ ಜೋಕು ಹತ್ತುವುದಿಲ್ಲ, ಅವರಿಗೆ ಅವನ ಸಂತೋಷ ಕಾಣುವುದಿಲ್ಲ.

ಮಗು ಹೇಳದೆ ಹೊರಗೆ ಹೊರಟುಬಿಡುವ ಅಭ್ಯಾಸವಿದ್ದರೆ ಅಕ್ಕಪಕ್ಕದವರಿಗೆ ಖಂಡಿತ ಹೇಳಿ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ಹೋಗಲು ನೋಡಿದ್ದರು. ನೀರಿನ ಕಡೆ ಹೋಗುವುದೇ ದೊಡ್ಡ ಅಪಾಯ. ಹತ್ತಿರದ ಕೆರೆ, ಕೊಳ, ಬಾವಿಯನ್ನು ಮೊದಲು ಹುಡುಕಬೇಕೆಂದು ಅವರಿಗೆ ಗೊತ್ತಿರಲಿ. ಈಜು ಕಲಿಸಿ.

ಹೆಣ್ಣುಮಗು, ಓದಿನಲ್ಲಿ ಮುಂದು, ಸ್ನೇಹಿತೆಯರೂ ಇದ್ದಾರೆ. ಹನ್ನೊಂದನೇ ವಯಸ್ಸಿಗೆ ಆಟಿಸಂ ಎಂಬ ಮಾತೇಕೆ?

ಅನೇಕ ಹುಡುಗಿಯರು ಬೇರೆಯವರನ್ನು ನೋಡಿ ನಗುವುದು, ತಲೆಯಾಡಿಸುವುದು, ಮಾತಿನ ಧಾಟಿ ಎಲ್ಲವನ್ನೂ ನಕಲು ಮಾಡಿ ದಿನ ತಳ್ಳುತ್ತಾರೆ. ಶಾಲೆಯಲ್ಲಿ ಮಾದರಿ ವಿದ್ಯಾರ್ಥಿನಿ, ಮನೆಗೆ ಬಂದ ಕೂಡಲೇ ಚಿಂದಿ. ಹುಡುಗರ ಲಕ್ಷಣಗಳನ್ನೇ ನೋಡಿ ಬರೆದ ಅಳತೆಗಳಿಗೆ ಇದು ಸಿಗುತ್ತಿರಲಿಲ್ಲ. ತಡವಾಗಿ ಗೊತ್ತಾದದ್ದರಿಂದ ಸುಳ್ಳಾಗುವುದಿಲ್ಲ.

ನನಗೆ ದುಃಖ ತಡೆಯಲಾಗುತ್ತಿಲ್ಲ. ಹೀಗೆ ಅಳುವುದು ಮಗುವಿಗೆ ದ್ರೋಹವೆ?

ಅಲ್ಲ. ಆದರೆ ಅಳುವುದು ಯಾರ ಎದುರು ಎಂಬುದು ಮುಖ್ಯ. ಆಟಿಸಂ ಇರುವ ಜಿಮ್ ಸಿಂಕ್ಲೇರ್ 1993ರಲ್ಲಿ ಅಪ್ಪ ಅಮ್ಮಂದಿರನ್ನು ಉದ್ದೇಶಿಸಿ ಹೇಳಿದ್ದರ ಸಾರ ಇದು: ನೀವು ದುಃಖಿಸುತ್ತಿರುವುದು ನೀವು ಕನಸು ಕಂಡ ಮಗುವಿಗಾಗಿ, ಆ ದುಃಖ ನಿಜ, ಆದರೆ ನಿಮ್ಮೆದುರು ಇರುವ ಮಗು ಸತ್ತಿಲ್ಲ, ಅದಕ್ಕೆ ನೀವು ಬೇಕು. ಹಾಗಾಗಿ ಅಳಲು ಗೆಳತಿ, ಅಕ್ಕ, ಆಪ್ತಸಲಹೆಗಾರರು, ಇದೇ ದಾರಿಯಲ್ಲಿರುವ ಬೇರೆ ತಾಯಂದಿರನ್ನು ಹುಡುಕಿಕೊಳ್ಳಿ. ತನ್ನನ್ನು ನೋಡಿದರೆ ಅಮ್ಮ ಅಳುತ್ತಾಳೆ ಎಂದು ಮಗು ಕಲಿಯದಿರಲಿ. ನಿದ್ದೆ, ಊಟ ಎರಡೂ ಬಿಟ್ಟು ವಾರಗಳಾಗಿದ್ದರೆ ನಿಮಗೂ ಚಿಕಿತ್ಸೆ ಬೇಕಾಗಿದೆ.

ರಿಪೋರ್ಟ್ ಓದುತ್ತಾ ಹೋದಂತೆ ನನ್ನದೇ ಬಾಲ್ಯ ಕಂಡಿತು. ನನಗೂ ಇರಬಹುದೇ?

ಇರಬಹುದು. ಮಗುವಿನ ಮೂಲಕ ತಮ್ಮನ್ನು ಗುರುತಿಸಿಕೊಂಡ ಅಪ್ಪ ಅಮ್ಮಂದಿರು ಎಷ್ಟೋ ಜನ. ಪರೀಕ್ಷೆ ಮಾಡಿಸಲೇಬೇಕೆಂದಿಲ್ಲ. ಕೆಲಸದಲ್ಲೋ ಸಂಸಾರದಲ್ಲೋ ನಿಮಗೆ ಅದರಿಂದ ಉಪಯೋಗ ಎನಿಸಿದರೆ, ದೊಡ್ಡವರಲ್ಲಿ ಆಟಿಸಂ ನೋಡುವ ಅನುಭವ ಇರುವ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಅವರು ನಿಮ್ಮ ಐದನೇ ವಯಸ್ಸಿನ ಬಗ್ಗೆ ಕೇಳುತ್ತಾರೆ. ಹಾಗಾಗಿ ಹೋಗುವ ಮೊದಲು ನಿಮ್ಮ ತಾಯಿಯನ್ನೋ ಅಕ್ಕನನ್ನೋ ಕೂರಿಸಿಕೊಂಡು, ನೀವು ಚಿಕ್ಕವರಿದ್ದಾಗ ಹೇಗಿದ್ದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ಶಾಲಾ ರಿಪೋರ್ಟ್ ಕಾರ್ಡುಗಳಲ್ಲಿ ಟೀಚರ್ ಬರೆದ ಒಂದೆರಡು ಸಾಲು ಸಿಕ್ಕರೆ ಅದನ್ನೂ ತೆಗೆದುಕೊಂಡು ಹೋಗಿ.